ಹೆಸರು ಬೆಂಗಳೂರಿನದು, ತವರು ಪುಣೆಯಾಗ!

ಬಸವಕಲ್ಯಾಣ-ಹುಮನಾಬಾದ್: ಸಸ್ತಾಪುರ ಬಂಗ್ಲಾದಲ್ಲಿ ನಿಂತು ಪಶ್ಚಿಮಕ್ಕೆ ಹೋಗುವ ಬಸ್ಸು ಹಿಡಿದರೆ ಉಮರ್ಗಾ, ಸೋಲಾಪುರ ದಾಟಿ ನೆಟ್ಟಗೆ ಪುಣೆ. ಬೆಂಗಳೂರಿಗೆ ಹೋಗಬೇಕಂದ್ರ ಕಲಬುರ್ಗಿ ದಾಟಿ ಇಡೀ ರಾತ್ರಿ ಸೊಂಟ ಹಿಡಕೊಂಡು ಕೂಡಬೇಕು. ದಾರಿ ಹೆಚ್ಚುಕಡಿಮೆ ಇಮ್ಮಡಿ. ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ನಿಂತವರದೂ ಇದೇ ಹಣೇಬರಹ. ಈ ಲೆಕ್ಕ ಇಲ್ಲಿನ ಪ್ರಯಾಣಿಕರಿಗೆಲ್ಲ ಬಾಯಿಪಾಠ. ಆದರೆ ಇದೇ ಲೆಕ್ಕ ಒಂದು ವರ್ಷ ಕಬಡ್ಡಿಯಲ್ಲೂ ಖರೇ ಆಗಿತ್ತು ಅನ್ನೋದು ಭಾಳ ಮಂದಿಗೆ ಮರೆತುಹೋಗಿದೆ.

2018ರ ಪ್ರೊ ಕಬಡ್ಡಿ ಸೀಸನ್ನಿನಲ್ಲಿ 'ಬೆಂಗಳೂರು ಬುಲ್ಸ್' ತಂಡದ ತವರು ಪಂದ್ಯಗಳು ನಡೆದದ್ದು ಬೆಂಗಳೂರಿನಲ್ಲಿ ಅಲ್ಲ. ಪುಣೆಯ ಬಾಲೇವಾಡಿ ಕ್ರೀಡಾ ಸಂಕೀರ್ಣದಲ್ಲಿ! ಅದರ ಹಿಂದಿನ ವರ್ಷ, 2017ರಲ್ಲಿ, ಇದೇ ತಂಡ ನಾಗಪುರವನ್ನು ತವರು ಮಾಡಿಕೊಂಡಿತ್ತು. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ ಆ ಎರಡು ವರ್ಷ ಸಿಗಲಿಲ್ಲ. ಕರ್ನಾಟಕದ ಹೆಸರು ಹೊತ್ತ ತಂಡ ಮಹಾರಾಷ್ಟ್ರದಲ್ಲಿ ಬಾಡಿಗೆ ಮನೆ ಹಿಡಿಯಿತು. ಆ ವರ್ಷ ಬುಲ್ಸ್ ತಂಡದ ತವರು ಬೆಂಗಳೂರಿನವರಿಗಿಂತ ಬಸವಕಲ್ಯಾಣದವರಿಗೇ ಹತ್ತಿರ ಇತ್ತು. ಮಜಾ ಅಂದ್ರ, ಮನೆ ಬಿಟ್ಟು ಆಡಿದ ಅದೇ ವರ್ಷ ತಂಡ ಕಪ್ ಗೆದ್ದಿತು!

ಹರಾಜಿನ ಪೇಟೆ

ಈ ಲೀಗ್ ಶುರುವಾದದ್ದು 2014ರ ಜುಲೈ 26ಕ್ಕೆ. ಹಳ್ಳಿಯ ಆಟವನ್ನು ಮಣ್ಣಿನಿಂದ ಎತ್ತಿ ಬಣ್ಣದ ಮ್ಯಾಟಿನ ಮೇಲೆ ಇಟ್ಟರು. ಆಟಗಾರರ ಕಾಲಿಗೆ ಬೂಟು ಬಂತು, ತಲೆಯ ಮೇಲೆ ಝಗಮಗ ದೀಪ ಬಂತು, ರೇಡಿಗೆ 30 ಸೆಕೆಂಡಿನ ಗಡಿಯಾರ ಬಂತು. ಮೊದಲ ವರ್ಷವೇ 43.5 ಕೋಟಿ ಮಂದಿ ಟಿವಿಯಲ್ಲಿ ನೋಡಿದರು ಅಂತ ಲೆಕ್ಕ ಕೊಟ್ಟರು. 'ಹುತುತು' ಅಂತ ಕೂಗುತ್ತ ಜಾತ್ರೆ ಬಯಲಿನಲ್ಲಿ ಮೊಣಕಾಲು ಕೆತ್ತಿಸಿಕೊಂಡವರೆಲ್ಲ 'ಅರೆ, ಇದು ನಮ್ಮ ಆಟ!' ಅಂತ ಟಿವಿ ಮುಂದೆ ಕೂತರು.

ಆಟ ನಮ್ಮದಾದರೂ ವ್ಯವಹಾರ ಪೂರಾ ಪೇಟೆಯದು. ಆಟಗಾರರನ್ನು ಹರಾಜಿನಲ್ಲಿ ಕೊಳ್ಳಬೇಕು. 2018ರ ಹರಾಜಿನಲ್ಲಿ ಒಂದೊಂದು ತಂಡಕ್ಕೆ 4 ಕೋಟಿ ರೂಪಾಯಿಯ ಮಿತಿ ಇತ್ತು. ಹರ್ಯಾಣ ಸ್ಟೀಲರ್ಸ್ ತಂಡ ಮೋನು ಗೋಯತ್‌ಗೆ ಒಬ್ಬನಿಗೇ 1.51 ಕೋಟಿ ಸುರಿಯಿತು. ಆ ವರ್ಷದ ಅತಿ ದೊಡ್ಡ ಬೆಲೆ ಅದು. ಬುಲ್ಸ್ ಕೊಂಡವರಲ್ಲಿ ದಿಲ್ಲಿಯ ಬವಾನಾದ ಪವನ್ ಸೆಹ್ರಾವತ್ ಒಬ್ಬ, ಬೆಲೆ 52.8 ಲಕ್ಷ. ಮೋನುವಿನ ಬೆಲೆಯ ಮೂರರಲ್ಲಿ ಒಂದು ಪಾಲಿಗಿಂತ ಚೂರು ಜಾಸ್ತಿ ಅಷ್ಟೆ.

ಯಾಕೆ ಇಷ್ಟು ಸೋವಿ? ಯಾಕಂದ್ರ ಹಿಂದಿನ ವರ್ಷ ಗುಜರಾತ್ ತಂಡದಲ್ಲಿ ಇದೇ ಪವನ್ ಗಳಿಸಿದ್ದು ಬೆರಳೆಣಿಕೆಯ ಅಂಕ. ಅದಕ್ಕೂ ಮೊದಲು ಬುಲ್ಸ್‌ನಲ್ಲೇ ಇದ್ದವನು. ಬಿಟ್ಟುಹೋದ ಮಾಲನ್ನು ವಾಪಸ್ ಕೊಂಡಂತಾಯಿತು. ಅಂಗಡಿಯವರಿಗೆ ಈ ಮಾತು ತಿಳಿಸಿ ಹೇಳಬೇಕಿಲ್ಲ. ಮೂಲೆಯಲ್ಲಿ ಧೂಳು ಹಿಡಿದ ಮಾಲೇ ಒಮ್ಮೊಮ್ಮೆ ಹಬ್ಬದ ವ್ಯಾಪಾರ ಎತ್ತುತ್ತದೆ.

ಮೊದಲ ಪಂದ್ಯದಲ್ಲೇ ಇಪ್ಪತ್ತು!

ಸೀಸನ್ ಶುರುವಾಗುವ ಮುನ್ನ ದೇಶದ ಕಬಡ್ಡಿಗೆ ಸೂತಕದ ಕಳೆ. 1990ರ ಬೀಜಿಂಗ್‌ನಿಂದ ಏಷ್ಯನ್ ಕ್ರೀಡಾಕೂಟದಲ್ಲಿ ಒಮ್ಮೆಯೂ ಚಿನ್ನ ಬಿಡದ ಭಾರತದ ಗಂಡಸರ ತಂಡ 2018ರ ಆಗಸ್ಟಿನಲ್ಲಿ ಜಕಾರ್ತಾದಲ್ಲಿ ಇರಾನಿಗೆ 18-27ರಿಂದ ಸೆಮಿಫೈನಲ್ ಸೋತು ಬಂದಿತ್ತು. ಸೋತು ಬಂದವರಲ್ಲಿ ಬುಲ್ಸ್ ನಾಯಕ ರೋಹಿತ್ ಕುಮಾರ್ ಕೂಡ ಇದ್ದ.

ಅಕ್ಟೋಬರಿನಲ್ಲಿ ಚೆನ್ನೈಯಲ್ಲಿ ತಮಿಳ್ ತಲೈವಾಸ್ ವಿರುದ್ಧ ಬುಲ್ಸ್ ಇಳಿಯಿತು. ಎಲ್ಲರ ಕಣ್ಣು ನಾಯಕನ ಮೇಲೆ. ಅಂಕ ದೋಚಿದ್ದು ಪವನ್. ಒಂದೇ ಪಂದ್ಯದಲ್ಲಿ 20 ರೇಡ್ ಅಂಕ! 48-37ಕ್ಕೆ ಬುಲ್ಸ್ ಗೆದ್ದಿತು. ಅಲ್ಲಿಂದ ಮುಂದೆ ಅವನನ್ನು ತಡೆಯೋರೇ ಇಲ್ಲದಂತಾಯಿತು. ಸೀಸನ್ ಮುಗಿದಾಗ ಅವನ ಖಾತೆಯಲ್ಲಿ 271 ರೇಡ್ ಅಂಕ. ಇಡೀ ಲೀಗಿನಲ್ಲಿ ಮೊದಲ ಸ್ಥಾನ, ವರ್ಷದ ಶ್ರೇಷ್ಠ ಆಟಗಾರ ಅಂತ ಮರ್ಯಾದೆ.

ಹಾಗಂತ ಇದು ಒಬ್ಬನ ಆಟ ಅಲ್ಲ. ರೇಡರ್ ಔಟಾಗಿ ಹೊರಗೆ ಕೂತರೆ ಅವನನ್ನು ಒಳಗೆ ಕರೆಸಲು ಮಿಕ್ಕವರು ಅಂಕ ಗಳಿಸಲೇಬೇಕು. ಹಿಡಿತದವರು ಎದುರಾಳಿಯ ಕಾಲು ಬಿಗಿಹಿಡಿದು ಒಬ್ಬೊಬ್ಬರನ್ನು ಔಟು ಮಾಡಿದಾಗಲೇ ಪವನ್‌ನಂಥವನಿಗೆ ಮತ್ತೆ ಪಾಳಿ. ಏಳು ಮಂದಿಯ ಕೂಡುಕುಟುಂಬ ಇದು, ಒಬ್ಬ ದುಡಿದರೆ ಇನ್ನೊಬ್ಬನಿಗೆ ಊಟ. ತಂಡದ ಬೆನ್ನಿಗೆ ಮೊದಲ ಸೀಸನ್ನಿನಿಂದಲೂ ಜೊತೆಗಿದ್ದ ರಣಧೀರ್ ಸಿಂಗ್ ಇದ್ದರು. ತರಬೇತಿ ಬಳಗದಲ್ಲಿ ನಮ್ಮ ಕರ್ನಾಟಕದ ಹಿರಿಯ ಆಟಗಾರ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ ಇದ್ದರು.

ಹನ್ನೆರಡು ತಂಡಗಳನ್ನು ಆ ವರ್ಷ ಎರಡು ಗುಂಪು ಮಾಡಿದ್ದರು. ಬುಲ್ಸ್ ತನ್ನ ಗುಂಪಿನಲ್ಲಿ ಮೊದಲನೆಯದಾಗಿ ಬಂತು. 2018ರ ಡಿಸೆಂಬರ್ 31ರ ರಾತ್ರಿ, ಊರೆಲ್ಲ ಹೊಸ ವರ್ಷದ ಕೇಕಿನ ಗದ್ದಲದಲ್ಲಿದ್ದಾಗ, ಕೊಚ್ಚಿಯಲ್ಲಿ ಗುಜರಾತನ್ನು 41-29ಕ್ಕೆ ಮಣಿಸಿ ಫೈನಲ್ ಸೇರಿತು. ಗುಜರಾತ್ ಇನ್ನೊಂದು ಪಂದ್ಯ ಗೆದ್ದು ಹಿಂಬಾಗಿಲಿನಿಂದ ಮತ್ತೆ ಎದುರಿಗೆ ಬಂದು ನಿಂತಿತು.

ಒಂಬತ್ತರಿಂದ ಮೂವತ್ತೆಂಟು

2019ರ ಜನವರಿ 5, ಮುಂಬೈ. ಮೊದಲ ಇಪ್ಪತ್ತು ನಿಮಿಷ ಮುಗಿದಾಗ ಫಲಕ ನೋಡಿದವರು ಚಾನೆಲ್ ಬದಲಿಸಿರಬೇಕು. ಗುಜರಾತ್ 16, ಬುಲ್ಸ್ 9. ಏಳು ಅಂಕದ ಹಿನ್ನಡೆ.

ಚಾನೆಲ್ ಬದಲಿಸದೇ ಕೂತವರ ಪುಣ್ಯ ದೊಡ್ಡದು. ಉಳಿದ ಇಪ್ಪತ್ತು ನಿಮಿಷದಲ್ಲಿ ಬುಲ್ಸ್ 29 ಅಂಕ ಬಾಚಿತು. ಪಂದ್ಯ 38-33ಕ್ಕೆ ಬುಲ್ಸ್ ಪಾಲು. 38ರಲ್ಲಿ 22 ಅಂಕ ಪವನ್ ಒಬ್ಬನವು! 2015ರ ಫೈನಲ್‌ನಲ್ಲಿ ಯು ಮುಂಬಾಗೆ 30-36ರಿಂದ ಸೋತು ಕಣ್ಣೀರು ಹಾಕಿದ್ದ ತಂಡಕ್ಕೆ ಅದೇ ಮುಂಬೈ ನಗರದಲ್ಲಿ ಮೊದಲ ಕಪ್ ಸಿಕ್ಕಿತು. ಗುಜರಾತಿಗೆ ಮಾತ್ರ ಸತತ ಎರಡನೇ ವರ್ಷ ಫೈನಲ್ ಸೋಲು.

ಗಲ್ಲಾ ಪೆಟ್ಟಿಗೆಯ ಗುಟ್ಟು

ಈಗ ಅಂಗಡಿಕಾರರ ಲೆಕ್ಕಕ್ಕೆ ಬರೋಣ. ಗೆದ್ದ ತಂಡಕ್ಕೆ ಬಹುಮಾನ 3 ಕೋಟಿ, ಸೋತವರಿಗೆ 1.80 ಕೋಟಿ. ಆಟಗಾರರ ಖರೀದಿಯ ಮಿತಿ 4 ಕೋಟಿ. ಅಂದ್ರ ಕಪ್ ಗೆದ್ದರೂ ಬಹುಮಾನದ ಹಣದಿಂದ ಪಗಾರ ಪೂರಾ ಏಳುವುದಿಲ್ಲ. ಊಟ, ವಸತಿ, ಪ್ರಯಾಣ, ತರಬೇತಿ ಬೇರೆ. ಹಾಗಾದರೆ ಈ ಅಂಗಡಿ ನಡೆಯುವುದು ಹೆಂಗ?

ಟಿವಿಯಿಂದ. ಜಾಹೀರಾತಿನಿಂದ. ಅಂಗಿಯ ಎದೆ, ಬೆನ್ನು, ತೋಳು ಎಲ್ಲ ಬಾಡಿಗೆಗೆ. 2015ರಲ್ಲೇ ಸ್ಟಾರ್ ಟಿವಿ ಕಂಪನಿ ಈ ಲೀಗ್ ನಡೆಸುವ ಮಶಾಲ್ ಸ್ಪೋರ್ಟ್ಸ್‌ನ 74 ಶೇಕಡಾ ಪಾಲು ಕೊಂಡಿತು. ಕ್ಯಾಮೆರಾ ಎಲ್ಲಿದೆಯೋ ಅದೇ ಅಂಗಳ. ಬೆಂಗಳೂರು ತಂಡ ನಾಗಪುರದಲ್ಲಿ ಆಡಿದರೂ ಪುಣೆಯಲ್ಲಿ ಆಡಿದರೂ ಗಲ್ಲಾ ಪೆಟ್ಟಿಗೆಗೆ ದೊಡ್ಡ ಏಟು ಬೀಳಲಿಲ್ಲ. ಯಾಕಂದ್ರ ಅಸಲಿ ಗಿರಾಕಿ ಕ್ರೀಡಾಂಗಣದ ಕುರ್ಚಿಯಲ್ಲಿ ಇಲ್ಲ. ಅವನು ಬಸವಕಲ್ಯಾಣದ ಚಹಾ ಅಂಗಡಿಯ ಬೆಂಚಿನ ಮೇಲೆ, ಹುಮನಾಬಾದಿನ ಮನೆಯ ಪಡಸಾಲೆಯಲ್ಲಿ ಕೂತಿದ್ದಾನೆ.

ಇದಕ್ಕೆ ಇನ್ನೊಂದು ಪುರಾವೆ ಕೊರೊನಾ ಕಾಲದ್ದು. 2021ರ ಡಿಸೆಂಬರ್ 22ರಿಂದ 2022ರ ಫೆಬ್ರವರಿ 25ರವರೆಗೆ ಇಡೀ ಸೀಸನ್, ಎಲ್ಲಾ ಹನ್ನೆರಡು ತಂಡಗಳ ಪಂದ್ಯಗಳೂ, ಬೆಂಗಳೂರಿನ ವೈಟ್‌ಫೀಲ್ಡ್‌ನ ಒಂದೇ ಹೋಟೆಲಿನಲ್ಲಿ ನಡೆದವು. ಆದರೆ ಪ್ರೇಕ್ಷಕರಿಗೆ ಪ್ರವೇಶ ಇಲ್ಲ! ಒಂದು ಕಾಲಕ್ಕೆ ಬೆಂಗಳೂರಿನ ತಂಡ ಬೆಂಗಳೂರಲ್ಲಿ ಇರಲಿಲ್ಲ. ಇನ್ನೊಂದು ಕಾಲಕ್ಕೆ ಎಲ್ಲರೂ ಬೆಂಗಳೂರಲ್ಲಿದ್ದರು, ಬೆಂಗಳೂರಿನ ಮಂದಿಯೇ ಒಳಗಿರಲಿಲ್ಲ. ಎರಡೂ ಸಲ ಅಂಗಡಿ ಬಂದ್ ಆಗಲಿಲ್ಲ.

ಬ್ಯಾಸ್ಕೆಟ್‌ಬಾಲ್‌ಗೂ ಇಂಥದೊಂದು ಪ್ರಯತ್ನ ಆಗಿತ್ತು. 2015ರಲ್ಲಿ ಯುಬಿಎ ಅಂತ ಲೀಗ್ ಹುಟ್ಟಿತು, 'ಬೆಂಗಳೂರು ಬೀಸ್ಟ್' ಅಂತ ತಂಡವೂ ಇತ್ತು. 2017ರ ನಂತರ ಆ ಲೀಗ್ ಮುಂದೆ ನಡೆಯಲಿಲ್ಲ. ಆ ಆಟ ಹಳ್ಳಿಹಳ್ಳಿಯ ಬಾಯಲ್ಲಿ ಇರಲಿಲ್ಲ. ಕಬಡ್ಡಿ ಇತ್ತು. ಕಬಡ್ಡಿಯ ಲೀಗ್ ಉಳಿದದ್ದು ಹಳ್ಳಿಯ ಕಣ್ಣಿನಿಂದ, ತಾಲೂಕಿನ ಕಣ್ಣಿನಿಂದ.

ಗಿರಾಕಿಗೆ ಸಿಕ್ಕದ್ದೇನು?

ಹಾಗಾದರೆ ಈ ಗಿರಾಕಿಗೆ ತಿರುಗಿ ಸಿಕ್ಕದ್ದೇನು? ಪ್ರಶ್ನೆ ಇಲ್ಲೇ ಇದೆ.

2019ರಲ್ಲಿ ಬುಲ್ಸ್ ಕಂಠೀರವಕ್ಕೆ ಮರಳಿತು. ಆ ವರ್ಷದ ಅಕ್ಟೋಬರ್ 2ರಂದು ಪವನ್ ಹರ್ಯಾಣದ ವಿರುದ್ಧ ಒಂದೇ ಪಂದ್ಯದಲ್ಲಿ 39 ರೇಡ್ ಅಂಕ ಗಳಿಸಿ ದಾಖಲೆ ಬರೆದ. ತಂಡ ಸೆಮಿಫೈನಲ್‌ನಲ್ಲಿ ನಿಂತಿತು. 2022ರ ಹರಾಜಿನಲ್ಲಿ ಪವನ್ 2.26 ಕೋಟಿಗೆ ತಮಿಳು ತಂಡಕ್ಕೆ ಹೋದ, 2023ರಲ್ಲಿ ಎರಡೂವರೆ ಕೋಟಿ ದಾಟಿ ತೆಲುಗು ತಂಡಕ್ಕೆ. 'ನಮ್ಮ ಹುಡುಗ' ಅಂತ ಕೂಗಿದವರು ಮುಂದಿನ ಸೀಸನ್ನಿಗೆ ಅವನನ್ನೇ ಬಯ್ಯಬೇಕಾಯಿತು! 2024ರಲ್ಲಿ ಬುಲ್ಸ್ 22 ಪಂದ್ಯದಲ್ಲಿ ಎರಡೇ ಗೆದ್ದು ಕಟ್ಟಕಡೆಗೆ ಬಿತ್ತು. 2025ರಲ್ಲಿ ಬಿ.ಸಿ. ರಮೇಶ್ ಮುಖ್ಯ ತರಬೇತುದಾರರಾಗಿ ಬಂದ ಮೇಲೆ ತಂಡ ಚೇತರಿಸಿಕೊಂಡು ಪ್ಲೇಆಫ್ ತಲುಪಿತು. ಆದರೆ 2024 ಮತ್ತು 2025, ಎರಡೂ ವರ್ಷ ಪಂದ್ಯ ನಡೆದ ಊರುಗಳ ಪಟ್ಟಿಯಲ್ಲಿ ಬೆಂಗಳೂರಿನ ಹೆಸರೇ ಇರಲಿಲ್ಲ. ರಾಜಧಾನಿಗೇ ಇಲ್ಲದ್ದು ಕಲ್ಯಾಣಕ್ಕೆ ಬಂದೀತೇ?

ಈ ಭಾಗದ ಹೆಸರು ಹೊತ್ತ ತಂಡದ ಕಥೆಯೂ ಬೇರೆ ಅಲ್ಲ. ಕ್ರಿಕೆಟ್ಟಿನ ಮಹಾರಾಜ ಟ್ರೋಫಿ 2022ರಲ್ಲಿ ಶುರುವಾದಾಗ ಮೊದಲ ಕಪ್ ಗೆದ್ದದ್ದು 'ಗುಲ್ಬರ್ಗ ಮಿಸ್ಟಿಕ್ಸ್'. ನಾಯಕ ಮನೀಶ್ ಪಾಂಡೆ. ಫೈನಲ್‌ನಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು 11 ರನ್ನಿನಿಂದ ಸೋಲಿಸಿದರು. ಪಂದ್ಯ ನಡೆದದ್ದೆಲ್ಲಿ? ಮೈಸೂರು ಮತ್ತು ಬೆಂಗಳೂರಿನಲ್ಲಿ. ಹೆಸರು ಗುಲ್ಬರ್ಗ, ಗುಲ್ಬರ್ಗದ ಮಂದಿಗೆ ಟಿವಿ.

ಕೇಳೋದು ದೊಡ್ಡದೇನಲ್ಲ

ಪುಢಾರಿಗಳು ಹೇಳುವ ಹಂಗೆ ಇಲ್ಲಿಗೆ ಫೈನಲ್ ಪಂದ್ಯ ತರಿಸಿ ಅಂತ ಯಾರೂ ಕೇಳುತ್ತಿಲ್ಲ. ಕೇಳಬೇಕಾದದ್ದು ಎರಡೇ.

ಒಂದು, ಸೀಸನ್ ಶುರುವಾಗುವ ಮುನ್ನ ಬುಲ್ಸ್ ತಂಡ ಕಲಬುರ್ಗಿಗೋ ಬೀದರಿಗೋ ಬಂದು ಒಂದು ಅಭ್ಯಾಸ ಪಂದ್ಯ ಆಡಲಿ. ನಾಗಪುರ, ಪುಣೆಗೆ ಮೂಟೆ ಕಟ್ಟಿದವರಿಗೆ ಈ ಕಡೆಯ ದಾರಿ ದೂರ ಆಗಬಾರದು. 2017ರ ಅಕ್ಟೋಬರಿನಿಂದ ಹುಮನಾಬಾದಿಗೆ ಬೀದರ್-ಕಲಬುರ್ಗಿ ರೈಲೂ ಇದೆ.

ಎರಡು, ಮ್ಯಾಟು. ಇಂದಿನ ಕಬಡ್ಡಿಯ ದೊಡ್ಡ ಪಂದ್ಯವೆಲ್ಲ ಮ್ಯಾಟಿನ ಮೇಲೆ. ಮಣ್ಣಿನಲ್ಲಿ ಬರಿಗಾಲಲ್ಲಿ ಬೆಳೆದ ಹುಡುಗ ಆಯ್ಕೆಗೆ ಹೋಗಿ ಮೊದಲ ಸಲ ಬೂಟು ಹಾಕಿ ಮ್ಯಾಟು ತುಳಿದರೆ ಅವನ ಕಾಲು ಅವನ ಮಾತು ಕೇಳುವುದಿಲ್ಲ. ಮಣ್ಣಿನಲ್ಲಿ ಪಾದ ಜಾರಿಸಿ ಕೊಡುವ ತಿರುವು ಮ್ಯಾಟಿನಲ್ಲಿ ಹಿಡಿದುಕೊಳ್ಳುತ್ತದೆ, ಮೊಣಕಾಲು ತಿರುಚುತ್ತದೆ. ಹುಡುಗನಲ್ಲಿ ಕಸುವು ಇದ್ದರೂ ಆಯ್ಕೆದಾರರ ಕಣ್ಣಿಗೆ ಅವನು ಕಚ್ಚಾ ಆಳು. ಮನೆಗೆ ವಾಪಸ್.

ಅಂಕಣದ ಅಳತೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಇದು ಒಂದು ಕಲ್ಯಾಣ ಮಂಟಪದ ಅಂಗಳದಷ್ಟು ಜಾಗ. ತಾಲೂಕಿಗೆ ಒಂದು ಮ್ಯಾಟು, ಅದರ ಮೇಲೊಂದು ತಗಡಿನ ನೆರಳು ಕೊಟ್ಟರೆ ಸಾಕು. 371(ಜೆ) ಬಂದ ಮೇಲೆ ಈ ಭಾಗಕ್ಕೆಂದೇ ಅಭಿವೃದ್ಧಿ ಮಂಡಳಿ ಇದೆ, ಕಲಬುರ್ಗಿಯಲ್ಲೇ ಕಚೇರಿ ಇದೆ. ರಸ್ತೆ, ಕಟ್ಟಡಗಳ ಲೆಕ್ಕದ ಮುಂದೆ ಮ್ಯಾಟಿನ ಲೆಕ್ಕ ಚಿಲ್ಲರೆ. ಬಸವಕಲ್ಯಾಣ, ಹುಮನಾಬಾದಿನ ವ್ಯಾಪಾರಸ್ಥರು ಜಾತ್ರೆಯ ಟೂರ್ನಿಗೆ ಕಪ್ಪು, ಶಾಲು, ಊಟದ ಖರ್ಚು ಕೊಡುವ ಕೈಯವರು. ಮಂಡಳಿ ಅರ್ಧ ಹೆಜ್ಜೆ ಇಟ್ಟರೆ ಉಳಿದರ್ಧ ಅವರೇ ಇಡುತ್ತಾರೆ.

2018ರ ಆ ಸೀಸನ್ ಹೇಳಿಕೊಟ್ಟ ಪಾಠ ಒಂದೇ. 52.8 ಲಕ್ಷದ ಆಳು 1.51 ಕೋಟಿಯವನನ್ನು ಮೀರಿಸಿ ನಿಂತದ್ದು ಅವನಿಗೆ ಮತ್ತೆ ಪಾಳಿ ಸಿಕ್ಕಿದ್ದರಿಂದ. ಪಾಳಿ ಸಿಗದಿದ್ದರೆ ಅವನೂ ಬೆಂಚಿನ ಮೇಲೆ ಕೂತು ಹಳಸಿ ಹೋಗುತ್ತಿದ್ದ. ಈ ಎರಡು ತಾಲೂಕಿನಲ್ಲಿ ಅಂಥ ಕಾಲು, ಅಂಥ ಉಸಿರು ಇರುವ ಹುಡುಗರು ಎಷ್ಟಿದ್ದಾರೋ ಎಣಿಸಿದವರಿಲ್ಲ. ಎಣಿಸಬೇಕಾದರೆ ಮೊದಲು ಅವರನ್ನು ಮ್ಯಾಟಿನ ಮೇಲೆ ಇಳಿಸಬೇಕು. ಟಿವಿಯವರಿಗೆ ಕಣ್ಣು ಕೊಟ್ಟದ್ದು ಸಾಕು. ಈಗ ಹುಡುಗರಿಗೆ ಅಂಗಳ ಕೊಡುವ ಪಾಳಿ.