ಮನೆಯೊಳಗಿನ ದಾರಿ, ಮನೆಯಾಚೆಯ ದಾರಿ

ಸ್ವಿಚ್ ಎಂದೊಡನೆ ನಮಗೆ ನೆನಪಾಗುವುದು ಗೋಡೆಯ ಮೇಲಿನ ದೀಪದ ಗುಂಡಿ. ಇಲ್ಲಿ ಹೇಳಹೊರಟಿರುವ ಸ್ವಿಚ್ ಅದಲ್ಲ. ಇದು ಅಂಗೈಯಗಲದ ಒಂದು ಪೆಟ್ಟಿಗೆ. ಅದರ ಒಂದು ಬದಿಗೆ ಐದೋ ಎಂಟೋ ಕಿಂಡಿಗಳು. ಇದನ್ನು ಹಾಕಿಸಿದರೆ ಮನೆಯ ಇಂಟರ್‌ನೆಟ್ ವೇಗವಾಗುತ್ತದೆಯೆ ಎಂದು ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ದೊಡ್ಡಬಳ್ಳಾಪುರದ ನಮ್ಮ ಬಂಧುಗಳ ಮನೆಯಲ್ಲಿ ನಡೆದುದನ್ನು ಹೇಳಿದರೆ ಉತ್ತರ ಸುಲಭವಾಗಿ ತಿಳಿಯುತ್ತದೆ.

ಆ ಊರಿನ ಅನೇಕ ಮನೆಗಳಂತೆ ಅಲ್ಲಿಯೂ ಹಿಂಬದಿಯಲ್ಲಿ ವಿದ್ಯುತ್ ಮಗ್ಗಗಳಿವೆ. ಹಿರಿಯ ಮಗ ಮಗ್ಗ ಬಿಟ್ಟು ಮದುವೆಗಳ ವಿಡಿಯೊ ತೆಗೆಯುತ್ತಾನೆ. ತಂಗಿ ದ್ವಿತೀಯ ಪಿಯುಸಿ. ಅಣ್ಣ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮದುವೆಯ ವಿಡಿಯೊ ಸಾಗಿಸಲು ಕುಳಿತನೆಂದರೆ ತಂಗಿಯ ಮೊಬೈಲಿನಲ್ಲಿ ಸಂಜೆಯ ಪಾಠ ನಿಂತು ನಿಂತು ಬರುತ್ತಿತ್ತು. ಮೇಷ್ಟ್ರ ಬಾಯಿ ಆಡುತ್ತದೆ, ಮಾತು ಕೇಳಿಸದು. ಪರೀಕ್ಷೆ ಹತ್ತಿರ, ಮನೆಯಲ್ಲಿ ದಿನವೂ ಜಗಳ. ತಂದೆ ಹೆಚ್ಚು ಹಣ ಕೊಟ್ಟು 40 ಮೆಗಾಬಿಟ್ಟಿನ ಸಂಪರ್ಕವನ್ನು 100ಕ್ಕೆ ಏರಿಸಿದರು. ಪಾಠ ಹಾಗೆಯೇ ನಿಲ್ಲುತ್ತಿತ್ತು.

“ಮಾವ, ಇನ್ನೂ ದೊಡ್ಡ ಪ್ಯಾಕೇಜ್ ಹಾಕಿಸ್ಲಾ?” ಎಂದು ಹುಡುಗ ಕೇಳಿದ. ಬೇಡ ಕಣಪ್ಪ ಎಂದೆ.

ಕಾರಣ ಇಷ್ಟೆ. ಅವನ ವಿಡಿಯೊ ಮನೆಯ ಹೊಸಿಲು ದಾಟುತ್ತಲೇ ಇರಲಿಲ್ಲ. ಎರಡು ಕಂಪ್ಯೂಟರುಗಳೂ ವೈಫೈನಲ್ಲಿದ್ದವು. ಒಂದು ಕಡತ ಮೊದಲ ಕಂಪ್ಯೂಟರಿನಿಂದ ರೂಟರಿಗೆ ಒಮ್ಮೆ, ರೂಟರಿನಿಂದ ಎರಡನೆಯದಕ್ಕೆ ಇನ್ನೊಮ್ಮೆ, ಹೀಗೆ ಎರಡು ಸಲ ಗಾಳಿಯಲ್ಲಿ ಹಾದುಹೋಗಬೇಕು. ವೈಫೈನ ಒಂದು ಚಾನೆಲಿನಲ್ಲಿ ಒಂದು ಸಮಯಕ್ಕೆ ಒಬ್ಬರೇ ಮಾತಾಡಬಹುದು. ಅಣ್ಣನ ಮದುವೆಯ ನಡುವೆ ಬಿಡುವು ಸಿಕ್ಕಾಗ ಮಾತ್ರ ತಂಗಿಯ ಮೇಷ್ಟ್ರು!

ಹಿಂದೆ ತಂತಿಯಲ್ಲಿಯೂ ಇದೇ ತೊಂದರೆಯಿತ್ತು. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯಲ್ಲಿ ರಾಬರ್ಟ್ ಮೆಟ್‌ಕಾಫ್ ರೂಪಿಸಿದ ಈಥರ್‌ನೆಟ್‌ನಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ಕೇಬಲ್. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರದೂ ಕೆಟ್ಟು, ಸ್ವಲ್ಪ ಕಾದು ಮತ್ತೆ ಹೇಳಬೇಕು. ಆಮೇಲೆ ಬಂದ ಹಬ್ ಎಂಬ ಪೆಟ್ಟಿಗೆಯೂ ಡಂಗುರ ಸಾರುವವನಂತೆ: ಒಬ್ಬನಿಗೆ ಬಂದ ಸುದ್ದಿಯನ್ನು ಊರಿಗೆಲ್ಲ ಕೂಗುತ್ತಿತ್ತು. ಸ್ವಿಚ್ ಅಂಚೆಯಣ್ಣನಿದ್ದಂತೆ. ಪ್ರತಿಯೊಂದು ಯಂತ್ರಕ್ಕೂ 48 ಬಿಟ್‌ಗಳ ಒಂದು ವಿಳಾಸವಿದೆ. ಯಾವ ಕಿಂಡಿಯಿಂದ ಯಾವ ವಿಳಾಸದ ಪೊಟ್ಟಣ ಬಂತೆಂದು ಸ್ವಿಚ್ ಬರೆದಿಟ್ಟುಕೊಂಡು, ಮುಂದೆ ಆ ವಿಳಾಸಕ್ಕೆ ಬಂದುದನ್ನು ಆ ಕಿಂಡಿಗಷ್ಟೇ ತಲುಪಿಸುತ್ತದೆ. ವಿಳಾಸ ಗೊತ್ತಿಲ್ಲದಿದ್ದರೆ ಮಾತ್ರ ಎಲ್ಲರ ಬಾಗಿಲನ್ನೂ ತಟ್ಟುತ್ತದೆ. ಇಂತಹ ಈಥರ್‌ನೆಟ್ ಸ್ವಿಚ್ಚನ್ನು 1990ರಲ್ಲಿ ಮಾರುಕಟ್ಟೆಗೆ ತಂದ ಅಮೆರಿಕದ ಕಂಪನಿಯ ಹೆಸರು ನಮ್ಮ ಕಿವಿಗೆ ಹಿತವಾದುದು: ಕಲ್ಪನಾ. ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಸ್ಥಾಪಿಸಿದ ಅದನ್ನು 1994ರಲ್ಲಿ ಸಿಸ್ಕೊ ಕೊಂಡುಕೊಂಡಿತು.

ರೂಟರಿನಲ್ಲಿಯೇ ಕಿಂಡಿಗಳಿವೆಯಲ್ಲ, ಬೇರೆ ಸ್ವಿಚ್ ಏಕೆ ಎನ್ನಬಹುದು. ಅವರ ಮನೆಯ ರೂಟರಿನಲ್ಲಿ ಒಂದು ಕಿಂಡಿ ಮಾತ್ರ ಗಿಗಾಬಿಟ್, ಅಂದರೆ ಸೆಕೆಂಡಿಗೆ 1000 ಮೆಗಾಬಿಟ್, ಉಳಿದವು 100. ಇಲ್ಲೊಂದು ಸಣ್ಣ ಲೆಕ್ಕ ಮಾಡಿ ನೋಡಿ. ಎಂಟು ಬಿಟ್‌ಗೆ ಒಂದು ಬೈಟ್. ಆದ್ದರಿಂದ 100 ಮೆಗಾಬಿಟ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್. ಒಂದು ಮದುವೆ 60 ಗಿಗಾಬೈಟ್ ಇದ್ದರೆ 4800 ಸೆಕೆಂಡು, ಎಂದರೆ 80 ನಿಮಿಷ. ಗಿಗಾಬಿಟ್‌ನಲ್ಲಿ 8 ನಿಮಿಷ. ಇದು ಕಾಗದದ ಮೇಲಿನ ಲೆಕ್ಕ. ಹಾರ್ಡ್ ಡಿಸ್ಕ್ ನಿಧಾನವಾದರೆ ಇನ್ನಷ್ಟು ಹೊತ್ತು ಹಿಡಿಯುತ್ತದೆ.

ಐದು ಕಿಂಡಿಯ ಗಿಗಾಬಿಟ್ ಸ್ವಿಚ್ ತಂದು, ಎರಡು ಕಂಪ್ಯೂಟರುಗಳನ್ನೂ ರೂಟರನ್ನೂ ಅದಕ್ಕೆ ಜೋಡಿಸಿದೆವು. ಆದರೂ ಒಂದು ಕಂಪ್ಯೂಟರ್ 100 ಎಂದೇ ತೋರಿಸುತ್ತಿತ್ತು! ನಾನು ಸ್ವಿಚ್ಚನ್ನೇ ಬೈದೆ. ಅರ್ಧ ಗಂಟೆಯ ಮೇಲೆ ಕೇಬಲ್ಲಿನ ತುದಿ ನೋಡಿದರೆ ಎಂಟು ಎಳೆಗಳಲ್ಲಿ ನಾಲ್ಕನ್ನಷ್ಟೇ ಕೂಡಿಸಿದ್ದರು. 100ಕ್ಕೆ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಎಳೆ ತಪ್ಪಿದ್ದನ್ನು ಮಗ್ಗದ ಮನೆಯಲ್ಲಿ ನಾನು ಹೇಳಿಕೊಡಬೇಕಾಯಿತು ಎಂದು ಹುಡುಗನ ತಂದೆ ನಕ್ಕರು. ಕೊಳ್ಳುವಾಗ ಕೇಬಲ್ಲಿನ ಮೇಲೆ ‘ಕ್ಯಾಟ್ 5ಇ’ ಅಥವಾ ‘ಕ್ಯಾಟ್ 6’ ಎಂದು ಅಚ್ಚಾಗಿದೆಯೇ ನೋಡಿಕೊಳ್ಳಿ; ಉದ್ದ 100 ಮೀಟರ್ ಮೀರಬಾರದು. ಒಂದೇ ಕೇಬಲ್ಲಿನ ಎರಡೂ ತುದಿಗಳನ್ನು ಮರೆತೂ ಒಂದೇ ಸ್ವಿಚ್ಚಿಗೆ ಚುಚ್ಚಬೇಡಿ. ಪೊಟ್ಟಣಗಳು ಅದರಲ್ಲೇ ಸುತ್ತತೊಡಗಿ ಇಡೀ ಜಾಲ ನಿಂತುಬಿಡಬಹುದು.

ಸ್ವಿಚ್ಚಿನಿಂದ ಆಗದ ಕೆಲಸವೂ ಇದೆ. ದೊಡ್ಡಬಳ್ಳಾಪುರದ ಪೇಟೆಬೀದಿಯನ್ನು ಎಷ್ಟು ಅಗಲ ಮಾಡಿದರೂ ಯಲಹಂಕದ ರಸ್ತೆ ಅಗಲವಾಗುವುದಿಲ್ಲ. ಮನೆಯಿಂದ ಹೊರಹೋಗುವ ವೇಗ ನೀವು ಪಡೆದ ಸಂಪರ್ಕದಷ್ಟೇ.

ತಂಗಿಯ ಪಾಠ ಈಗ ತಡೆಯಿಲ್ಲದೆ ಬರುತ್ತಿದೆ. ಗಾಳಿ ಅವಳಿಗೆ ಬಿಟ್ಟದ್ದು. ತಂದೆ ಹಳೆಯ 40 ಮೆಗಾಬಿಟ್‌ಗೇ ಮರಳಿದ್ದಾರೆ. ಆದ್ದರಿಂದ ಅದೇ ಮದುವೆಯನ್ನು ಬೆಂಗಳೂರಿನ ಗಿರಾಕಿಗೆ ಕಳುಹಿಸಲು ಅಣ್ಣನಿಗೆ ಮೂರು ಗಂಟೆ ಇಪ್ಪತ್ತು ನಿಮಿಷವಾದರೂ ಬೇಕು. ಅವನು ಅದನ್ನು ಎಲ್ಲರೂ ಮಲಗಿದ ಮೇಲೆ ಹಚ್ಚಿಡುತ್ತಾನೆ.