ಹುಂಜ ಎರಗುವುದೇಕೆ? ಅಂಗಳದ ನಂಬಿಕೆಗಳೂ ನಿಜವೂ

ಮುರ್ಡೇಶ್ವರದಿಂದ ಬೈಲೂರು, ಮಂಕಿ ಕಡೆ ಹೋದರೆ ಚಿರೆಕಲ್ಲಿನ ಪಾಗಾರದೊಳಗೆ ನಾಲ್ಕಾರು ಹೇಂಟೆ, ಅವುಗಳ ನಡುವೆ ಎದೆಯುಬ್ಬಿಸಿ ನಡೆಯುವ ಒಂದು ಹುಂಜ ಕಾಣಸಿಗುವುದು ಸಾಮಾನ್ಯ. ಮೀನಿನ ಬುಟ್ಟಿ ಇಳಿಸುವ ಮೊದಲು "ಹುಂಜ ಕಟ್ಟಿದ್ರಾ?" ಎಂದು ದಣಪೆಯಾಚೆಯಿಂದಲೇ ಕೇಳಿಸಿಕೊಳ್ಳುವ ಮನೆಗಳೂ ಇವೆ. ಇಂಥ ಹುಂಜದ ಸಿಟ್ಟಿಗೆ ಜನ ಕೊಡುವ ಕಾರಣ ಹಲವು: ಬಣ್ಣ, ನಕ್ಷತ್ರ, ಖಾರ, ಸೊಕ್ಕು. ಮದ್ದು ಮಾತ್ರ ಒಂದೇ, ಕೋಲು. ಕಾರಣಗಳಲ್ಲಿ ಹೆಚ್ಚಿನವು ಸುಳ್ಳು. ಮದ್ದಂತೂ ರೋಗವನ್ನೇ ಬೆಳೆಸುತ್ತದೆ.

"ನಾಲ್ಕು ಬಾರಿಸಿದರೆ ಬುದ್ಧಿ ಬರುತ್ತದೆ" ಎಂಬುದರಿಂದಲೇ ಶುರು ಮಾಡೋಣ. ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ಒಂದು ಶ್ರೇಣಿ ಇರುತ್ತದೆಂದು 1920ರ ದಶಕದ ಆರಂಭದಲ್ಲಿ ನಾರ್ವೆಯ ಥೋರ್ಲೈಫ್ ಶೆಲ್ಡೆರುಪ್-ಎಬ್ಬೆ ತೋರಿಸಿಕೊಟ್ಟ. ನಮ್ಮ ಅಜ್ಜಿಯರಿಗೆ ಇದು ಮೊದಲೇ ಗೊತ್ತಿತ್ತು, ಬರೆದಿಡಲಿಲ್ಲ ಅಷ್ಟೆ. ಎರಡು ಹುಂಜ ಎದುರಾದರೆ ಒಂದೋ ಓಡಬೇಕು, ಇಲ್ಲವೇ ತಿರುಗಿ ಹೊಡೆಯಬೇಕು. ನೀವು ಓಡಿದರೆ ಅದರ ಲೆಕ್ಕದಲ್ಲಿ ಸೋತವರು, ಒದ್ದರೆ ಎದುರಾಳಿ. ಎರಡರಲ್ಲಿ ಯಾವುದಾದರೂ ನಾಳೆ ಮತ್ತೆ ಪಂದ್ಯ. ಆದ್ದರಿಂದ ನಿಂತಲ್ಲೇ ನಿಲ್ಲಿ, ಬೆನ್ನು ತೋರಿಸಬೇಡಿ. ಕೈಯಲ್ಲಿ ಮೊರವೋ ಹೆಡಿಗೆಯೋ ಇದ್ದರೆ ಮೊಣಕಾಲಿನ ಮುಂದೆ ಅಡ್ಡ ಹಿಡಿಯಿರಿ, ಬಡಿದುಕೊಳ್ಳುವುದಿದ್ದರೆ ಅದಕ್ಕೆ ಬಡಿದುಕೊಳ್ಳಲಿ. ಅದು ಬೇರೆಡೆ ನೋಡಿ ನೆಲ ಕುಕ್ಕತೊಡಗಿದ ಮೇಲೆ ನಿಧಾನವಾಗಿ ಹೊರಡಿ. ಒಂದು ರೆಕ್ಕೆಯನ್ನು ನೆಲಕ್ಕೆ ತಾಗಿಸಿ ಅಡ್ಡಡ್ಡ ಕುಣಿಯುತ್ತ ಬಂದರೆ ಪ್ರೀತಿಯೆಂದು ನಗುವವರಿದ್ದಾರೆ. ಹೇಂಟೆಯ ಮುಂದೆ ಅದು ಓಲೈಕೆ; ನಿಮ್ಮ ಮುಂದೆ ಸವಾಲು.

ಕಾಲು ಹಿಡಿದು ತಲೆಕೆಳಗೆ ನೇತಾಡಿಸಿದರೆ ಸೊಕ್ಕು ಇಳಿಯುತ್ತದೆ ಎಂಬುದು ಇನ್ನೊಂದು. ಸಂತೆಯಿಂದ ಕೋಳಿ ತರುವುದೂ ಹೀಗೆಯೇ ಆದ್ದರಿಂದ ಯಾರಿಗೂ ತಪ್ಪೆನಿಸುವುದಿಲ್ಲ. ಕೋಳಿಗೆ ನಮ್ಮಂತೆ ಎದೆ-ಹೊಟ್ಟೆಯ ನಡುವಿನ ವಪೆ ಇಲ್ಲ. ಎದೆಮೂಳೆಯನ್ನು ಆಡಿಸಿಯೇ ಅದು ಉಸಿರಾಡಬೇಕು. ತಲೆಕೆಳಗಾದಾಗ ಕರುಳು, ಈಲಿಗಳ ಭಾರ ಗಾಳಿಚೀಲಗಳನ್ನು ಒತ್ತುತ್ತದೆ. ಅದು ಸುಮ್ಮನಾಗುವುದು ಭಯಕ್ಕೆ, ಉಸಿರು ಸಾಲದ್ದಕ್ಕೆ. ಹಿಡಿಯಲೇಬೇಕಾದರೆ ಕತ್ತಲಾದ ಮೇಲೆ ಗೂಡಿನಲ್ಲಿ ಹಿಡಿಯಿರಿ. ಕೋಳಿಗೆ ಇರುಳಲ್ಲಿ ಕಣ್ಣು ಮಂದ, ಗಲಾಟೆಯಿಲ್ಲದೆ ಕಂಕುಳಿಗೆ ಬರುತ್ತದೆ.

ಮೆಣಸು ತಿನ್ನಿಸಿದರೆ ಹುಂಜ ಕೆರಳುತ್ತದಂತೆ. ಖಾರದ ಉರಿಯನ್ನು ಗುರುತಿಸುವ ನರತುದಿ ಹಕ್ಕಿಗಳಲ್ಲಿ ಮೆಣಸಿನ ಖಾರದ ರಾಸಾಯನಿಕಕ್ಕೆ ಸ್ಪಂದಿಸುವುದೇ ಇಲ್ಲ. ಹಿತ್ತಲಲ್ಲಿ ಯಾರೂ ನೆಡದ ಸೂಜಿಮೆಣಸಿನ ಗಿಡ ತಾನಾಗಿ ಏಳುವುದು ಅದೇ ಕಾರಣಕ್ಕೆ: ಹಕ್ಕಿ ಹಣ್ಣು ತಿಂದು ಬೀಜ ಉದುರಿಸಿ ಹೋಗಿರುತ್ತದೆ.

ಬಣ್ಣದ ಮಾತಿಗೆ ಕರಾವಳಿಯಲ್ಲಿ ದೊಡ್ಡ ಪರಂಪರೆಯೇ ಇದೆ. ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆಂದು ಹೇಳುವ ಕುಕ್ಕುಟ ಪಂಚಾಂಗವನ್ನು ಕೋಳಿ ಅಂಕದವರು, ಅಂದರೆ ಹುಂಜ ಕಾದಿಸುವವರು, ನಂಬುತ್ತಾರೆ. ಆದರೆ ಸಿಟ್ಟು ಬರುವುದು ವಂಶದಿಂದ, ವಯಸ್ಸಿನಿಂದ, ಬೆಳೆದ ರೀತಿಯಿಂದ. ಪುಕ್ಕದ ಬಣ್ಣ ನೋಡಿ ಹೇಳುವಂಥದ್ದಲ್ಲ. ಐದಾರು ತಿಂಗಳ ತನಕ ಮಕ್ಕಳ ಕೈಯಿಂದ ಅಕ್ಕಿ ತಿಂದ ಮರಿ, ಜುಟ್ಟು ಕೆಂಪೇರಿ ಕೂಗತೊಡಗಿದ ಮೇಲೆ ಅದೇ ಮಕ್ಕಳ ಮೇಲೆ ಹಾರಿದರೆ ಯಾರೂ ಮಾಟ ಮಾಡಿಸಿದ್ದಲ್ಲ. ಹರೆಯದ ಹಾರ್ಮೋನು. ಮುದ್ದು ಮಾಡಿ ಒಂಟಿಯಾಗಿ ಸಾಕಿದ ಹುಂಜವೇ ಮನುಷ್ಯರನ್ನು ತನ್ನ ಹಿಂಡಿನವರೆಂದು ಎಣಿಸಿ ಸವಾಲು ಹಾಕುವುದು ಹೆಚ್ಚು ಎನ್ನುವುದು ಕೋಳಿ ಸಾಕುವವರ ಅನುಭವ. ಹಾಗೆಯೇ ಅಂಕದ ತಳಿಯ ಹುಂಜ ಮನೆಮಂದಿಯನ್ನೂ ಸೀಳುತ್ತದೆ ಎಂಬ ಹೆದರಿಕೆಯೂ ಅರ್ಧ ಸತ್ಯ. ಅಸೀಲ್‌ನಂಥ ತಳಿ ಇನ್ನೊಂದು ಹುಂಜವನ್ನು ಸಹಿಸದು, ಸಾಕಿದವರ ಕೈಯಲ್ಲಿ ಮಾತ್ರ ಸಾಮಾನ್ಯವಾಗಿ ತಣ್ಣಗಿರುತ್ತದೆ. ಅಂಕದ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ: ಜಾತ್ರೆಯ ದಿನ ಅದಕ್ಕೆ ಕಾನೂನಿನ ವಿನಾಯಿತಿ ಇದೆ ಎಂಬುದೂ ತಪ್ಪು ತಿಳಿವಳಿಕೆ. ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಕಂಬಳಕ್ಕೆ ಸಿಕ್ಕ ರಾಜ್ಯ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇನಲ್ಲಿ ಎತ್ತಿಹಿಡಿಯಿತು. ಕೋಳಿ ಅಂಕಕ್ಕೆ ಅಂಥ ತಿದ್ದುಪಡಿ ಇಲ್ಲ.

ಇಷ್ಟಕ್ಕೂ ಹುಂಜ ಎರಗುವುದು ಯಾವಾಗ ಎಂದು ಗಮನಿಸಿದ್ದೀರಾ? ಹೇಂಟೆಯನ್ನು ಹಿಡಿದಾಗ, ಅದು ಕಿರುಚಿದಾಗ, ಗೂಡಿಗೆ ಕೈ ಹಾಕಿದಾಗ, ಯಾರಾದರೂ ಅಂಗಳಕ್ಕೆ ಓಡಿ ಬಂದಾಗ. ಅದು ಕಾವಲಿನಲ್ಲಿದೆ. ಆಕಾಶದಲ್ಲಿ ಗಿಡುಗ ಕಂಡರೆ ಹುಂಜ ಹೊರಡಿಸುವ ಎಳೆದ ಸಣ್ಣ ದನಿಯೇ ಬೇರೆ. ನೆಲದ ಮೇಲೆ ಮುಂಗುಸಿ, ನಾಯಿ ಕಂಡಾಗಿನ ಒಡಕು ಕೊಕ್ಕೊಕ್ಕೇ ಬೇರೆ. ಹೇಂಟೆಗಳು ಮೊದಲನೆಯದಕ್ಕೆ ಪೊದೆಯೊಳಗೆ ನುಗ್ಗುತ್ತವೆ, ಎರಡನೆಯದಕ್ಕೆ ಕತ್ತೆತ್ತಿ ನೋಡುತ್ತವೆ. ಹುಳ ಸಿಕ್ಕರೆ ತಾನು ತಿನ್ನದೆ ಕೊಕ್ಕಿನಲ್ಲಿ ಎತ್ತಿ ಹಾಕಿ ಹೇಂಟೆಯನ್ನು ಕರೆಯುವುದೂ ಇದೇ ಹುಂಜ. ಇದನ್ನು ತಿಳಿದವರು ಅದರ ಕಣ್ಣೆದುರು ಹೇಂಟೆ ಹಿಡಿಯುವುದಿಲ್ಲ. ಮೊಟ್ಟೆ ತೆಗೆಯುವಾಗ ಹುಂಜವನ್ನು ಆಚೆ ಕಾಳಿನ ನೆಪದಲ್ಲಿ ಕಳಿಸಿಬಿಡುತ್ತಾರೆ. ಒಂದು ಹುಂಜಕ್ಕೆ ಎಂಟು-ಹತ್ತು ಹೇಂಟೆ ಇದ್ದರೆ ಜಗಳವೂ ಕಡಿಮೆ, ಹೇಂಟೆಯ ಬೆನ್ನಿನ ಪುಕ್ಕ ಬೋಳಾಗುವುದೂ ಕಡಿಮೆ.

ಎರಡು ಹುಂಜ ಕೂಡಿ ಬಾಳುವುದಿಲ್ಲ ಎನ್ನುವುದು ಎಲ್ಲ ಸಲವೂ ನಿಜವಲ್ಲ. ಒಂದೇ ಕಾವಿನಲ್ಲಿ ಹುಟ್ಟಿ ಒಟ್ಟಿಗೆ ಬೆಳೆದವು, ಓಡಿ ತಪ್ಪಿಸಿಕೊಳ್ಳಲು ಜಾಗವಿದ್ದರೆ, ಮೇಲು-ಕೀಳು ತೀರ್ಮಾನಿಸಿಕೊಂಡು ಇರುತ್ತವೆ. ಆ ತೀರ್ಮಾನ ಕೂಗಿನಲ್ಲೂ ಕೇಳುತ್ತದೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ, ಹುಂಜ ಬೆಳಕು ಕಾಣದೆಯೂ ತನ್ನೊಳಗಿನ ಗಡಿಯಾರದಂತೆ ಬೆಳಗಿನ ಜಾವ ಕೂಗುತ್ತದೆಂದು ತೋರಿಸಿದರು. 2015ರಲ್ಲಿ ಅವರಿಗೆ ಕಂಡದ್ದು ಇನ್ನೂ ಸ್ವಾರಸ್ಯ: ಮೊದಲು ಕೂಗುವುದು ಎಲ್ಲಕ್ಕಿಂತ ಮೇಲಿನ ದರ್ಜೆಯ ಹುಂಜ, ಉಳಿದವು ತಮ್ಮ ದರ್ಜೆಯಂತೆ ಹಿಂದೆ. ತನ್ನ ಹುಂಜ ಕೂಗದೆ ಊರಿಗೆ ಬೆಳಗಾಗದು ಎಂದುಕೊಂಡ ಕಥೆಯ ಅಜ್ಜಿ ಕೇಳಿದ್ದರೆ ಅದು ಎಷ್ಟನೆಯ ದರ್ಜೆಯದೆಂದು ವಿಚಾರಿಸುತ್ತಿದ್ದಳು. ಇನ್ನು ಹೊತ್ತಲ್ಲದ ಹೊತ್ತಿನ ಕೂಗು ಅಪಶಕುನವೆಂದು ಹೆದರುವವರಿಗೆ: ಬೆಳಕು, ಸದ್ದು, ಪಕ್ಕದ ಮನೆಯ ಕೂಗು ಕೂಡ ಹುಂಜವನ್ನು ಕೂಗಿಸುತ್ತವೆ. ಹೆದ್ದಾರಿ 66ರ ಲಾರಿ ದೀಪ ಗೂಡಿಗೆ ಬೀಳುವ ಮನೆಯಲ್ಲಿ ದಿನವೂ ಅಪಶಕುನವೇ ಆಗಬೇಕಿತ್ತು.

ಮೊಟ್ಟೆಗೆ ಹುಂಜ ಬೇಕೇ ಬೇಕೆಂದು ಕಾಟ ಸಹಿಸುವವರೂ ಇದ್ದಾರೆ. ಬೇಕಿಲ್ಲ. ಹೇಂಟೆ ಹುಂಜವಿಲ್ಲದೆಯೂ ಮೊಟ್ಟೆ ಇಡುತ್ತದೆ, ಪೌಷ್ಟಿಕತೆಯಲ್ಲಿ ವ್ಯತ್ಯಾಸವಿಲ್ಲ. ಮರಿ ಬೇಕಾದರೆ ಮಾತ್ರ ಹುಂಜ ಬೇಕು. ಅದಕ್ಕೂ ನೆರೆಮನೆಯ ಹುಂಜ ಕೆಲವು ದಿನ ಬಂದು ಹೋದರೆ ಸಾಕು, ಆಮೇಲೂ ಒಂದೆರಡು ವಾರ ಕಾವಿಗೆ ಬರುವ ಮೊಟ್ಟೆ ಸಿಗುತ್ತದೆ.

ಹರಕೆಯ ಹುಂಜದ ಮಾತು ಬೇರೆ. ಊರ ದೈವಗಳಾದ ಜಟಗನಿಗೋ ಮಾಸ್ತಿಗೋ ಬಿಟ್ಟದ್ದನ್ನು ಮಾರುವಂತಿಲ್ಲ, ಮೊದಲೇ ಕೊಯ್ಯುವಂತಿಲ್ಲ, ಕಾಲಿನ ಮುಳ್ಳು ಬಲಿಯುವ ತನಕ ಅಂಗಳದಲ್ಲೇ ಇರುತ್ತದೆ. ಮುಳ್ಳನ್ನು ಬುಡಕ್ಕೆ ಕತ್ತರಿಸಿದರೆ ಹುಂಜ ಸಾಧುವಾಗದು. ಒಳಗೆ ಜೀವಂತ ಮೂಳೆಯಿದೆ, ರಕ್ತ ಸುರಿಯುತ್ತದೆ. ತುದಿಯನ್ನಷ್ಟೇ ಉಜ್ಜಿ ಮೊಂಡು ಮಾಡಬಹುದು. ಆಗ ಗಾಯ ಕಡಿಮೆಯಾಗುತ್ತದೆ, ಸ್ವಭಾವ ಹಾಗೆಯೇ ಇರುತ್ತದೆ. ಅದಕ್ಕೆ ಬೇರೆಯೇ ಬಲೆಗೂಡು ಕಟ್ಟಿ.

ಹುಂಜ ಪರಚಿದರೆ ನಾಯಿ ಕಚ್ಚಿದಾಗಿನ ಚುಚ್ಚುಮದ್ದು ಬೇಡ, ರೇಬೀಸ್ ಸಸ್ತನಿಗಳ ರೋಗ. ಆದರೆ ಮುಳ್ಳಿನ ಗಾಯ ಸಣ್ಣದೆಂದು ಅರಿಶಿನ ಮೆತ್ತಿ ಸುಮ್ಮನಿರಬೇಡಿ. ಸೋಪು ಹಾಕಿ ತೊಳೆದು ಧನುರ್ವಾಯುವಿನ ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗಿ. ಕಾಲಿನಲ್ಲಿ ನರ ಉಬ್ಬಿದ ವಯಸ್ಸಾದವರು ಇನ್ನೂ ಜಾಗ್ರತೆ: ಆಸ್ಟ್ರೇಲಿಯಾದಲ್ಲಿ ಮೊಟ್ಟೆ ತೆಗೆಯಲು ಹೋದ ವೃದ್ಧೆಯೊಬ್ಬರು ಹುಂಜ ಅಂಥ ನರ ಕುಕ್ಕಿದ್ದರಿಂದ ರಕ್ತಸ್ರಾವವಾಗಿ ತೀರಿಕೊಂಡದ್ದು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಇಷ್ಟೆಲ್ಲ ಮಾಡಿಯೂ ಪುಟ್ಟ ಮಕ್ಕಳ ಕಣ್ಣಿನ ಮಟ್ಟಕ್ಕೆ ಹಾರುವುದನ್ನು ಬಿಡದ ಹುಂಜವಿದ್ದರೆ ಅದು ಕೂಡಿದ ಹೇಂಟೆಯ ಮೊಟ್ಟೆಯನ್ನು ಕಾವಿಗೆ ಕೂರಿಸಬೇಡಿ, ಸ್ವಭಾವ ಮರಿಗೂ ಬರುತ್ತದೆ. ಹರಕೆಯದಲ್ಲದಿದ್ದರೆ ಆ ಹುಂಜಕ್ಕೆ ತಕ್ಕ ಜಾಗ ಅಂಗಳವಲ್ಲ, ಭಾನುವಾರದ ಸಾರು.