ವಜ್ರದೊಳಗಿನ ಉಪ್ಪುನೀರು

ರಾಯಚೂರಿನ ಸಮೀಪದ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಗೂಡ್ಸ್ ರೈಲುಗಳಲ್ಲಿ ಬಂದು ಬೀಳುವ ಕಲ್ಲಿದ್ದಲಿನ ರಾಶಿಯನ್ನು ಕಂಡವರಲ್ಲಿ ಅನೇಕರು, ಇದೇ ಇಂಗಾಲವು ಭೂಮಿಯ ಒಡಲಲ್ಲಿ ಇನ್ನಷ್ಟು ಕಾಲ ಒತ್ತಡಕ್ಕೆ ಸಿಕ್ಕಿದ್ದರೆ ವಜ್ರವಾಗುತ್ತಿತ್ತಲ್ಲವೆ ಎಂದು ಭಾವಿಸುವುದುಂಟು. ಶಾಲೆಯಲ್ಲಿ ಕೇಳಿದ ಈ ಮಾತು ಎಷ್ಟು ರಮ್ಯವೋ ಅಷ್ಟೇ ನಿರಾಧಾರವಾದುದು. ಅರಣ್ಯಗಳು ಹುಟ್ಟಿ ಅಳಿದ ಬಳಿಕವಷ್ಟೇ ಸಂಭವಿಸಬಲ್ಲ ಕಲ್ಲಿದ್ದಲಿನಲ್ಲಿ, ಸಿಂಗರೇಣಿ ಗಣಿಗಳಿಂದ ಇಲ್ಲಿಗೆ ಬರುವುದರ ವಯಸ್ಸು ಹೆಚ್ಚೆಂದರೆ 30 ಕೋಟಿ ವರ್ಷ. ವಜ್ರವನ್ನು ಪಾತಾಳದಿಂದ ಹೊತ್ತು ತರುವ ಕಿಂಬರ್ಲೈಟ್ ಎಂಬ ಶಿಲೆಯಾದರೋ ಈ ಪ್ರಾಂತದ ನೆಲವನ್ನು ಸೀಳಿಕೊಂಡು ಮೇಲೆದ್ದು ಸುಮಾರು 110 ಕೋಟಿ ವರ್ಷಗಳಾದುವು. ವಾಹನವೇ ಅಷ್ಟು ಪ್ರಾಚೀನವಾಗಿರುವಲ್ಲಿ, ಅದರಲ್ಲಿ ಕುಳಿತು ಬಂದ ವಜ್ರಕ್ಕೆ ಭೂಮಿಯ ಮೇಲೆ ಗಿಡಮರಗಳೇ ಇಲ್ಲದಿದ್ದ ಕಾಲದಲ್ಲಿ ಕಲ್ಲಿದ್ದಲು ತಾಯಿಯಾಗಿರಲು ಸಾಧ್ಯವಿಲ್ಲ.

ಹಾಗಾದರೆ ವಜ್ರದ ತಾಯಿ ಯಾರು? ಕೃಷ್ಣಾ-ತುಂಗಭದ್ರೆಯರ ನಡುವಣ ದೋಆಬು ಈ ಪ್ರಶ್ನೆಯನ್ನು ಕೇಳುವುದಕ್ಕೆ ಯೋಗ್ಯವಾದ ಸ್ಥಳ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವನ್ನು ಧರಿಸಿರುವ ಬೃಹತ್ ಶಿಲೆ, ಮಾನ್ವಿಯ ಸುತ್ತಲಿನ ಬಂಡೆಗುಡ್ಡಗಳು, ರಾಯಚೂರಿನಿಂದ ದೇವದುರ್ಗದ ಕಡೆಗೆ ಹಾಯ್ದಿರುವ ಕಪ್ಪುಶಿಲೆಯ ಪಟ್ಟಿ, ಇವೆಲ್ಲ ಧಾರವಾಡ ಭೂಖಂಡದ ಪೂರ್ವಭಾಗಕ್ಕೆ ಸೇರಿದುವು. ಇಂಥ ಪುರಾತನ ಭೂಖಂಡಗಳ ಅಡಿಯಲ್ಲಿ ತಣ್ಣಗಿನ ದಪ್ಪನೆಯ ಶಿಲೆಯ ಬೇರು, ಭೂಮಿಯ ಹೊರಚಿಪ್ಪಿನ ಕೆಳಗಿರುವ ಮ್ಯಾಂಟಲ್ ಎಂಬ ಪದರದೊಳಕ್ಕೆ ಇಳಿದಿರುತ್ತದೆ. ಬಹುತೇಕ ವಜ್ರಗಳು ಜನಿಸುವುದು 150ರಿಂದ 200 ಕಿಲೋಮೀಟರ್ ಆಳದ ಅದರ ತಳದಲ್ಲಿ, ನಮ್ಮ ವಾಯುಮಂಡಲದ ಒತ್ತಡಕ್ಕೆ 50,000 ಮಡಿಯಷ್ಟಾದ ಒತ್ತಡದಲ್ಲಿ.

ಅಷ್ಟು ಆಳವನ್ನು ಯಾವ ಬೈರಿಗೆಯೂ ಮುಟ್ಟಿಲ್ಲವಾದುದರಿಂದ ಅಲ್ಲಿಯ ಸಮಾಚಾರವನ್ನು ವಜ್ರವೇ ಹೇಳಬೇಕಾಗಿದೆ; ಹೇಳುವುದೂ ರತ್ನಪಡಿ ವ್ಯಾಪಾರಿಯು ಮೆಚ್ಚುವ ಶುಭ್ರವಾದ ಹರಳಲ್ಲ, ಅವನು ಸಾಣೆಗೆ ಬಾರದೆಂದು ಪಕ್ಕಕ್ಕೆ ಸರಿಸುವ ಮಸುಕು ಹರಳು. ಬಲುಬೇಗ ಎಳೆಎಳೆಯಾಗಿ ಬೆಳೆದ ಇಂಥ ವಜ್ರದಲ್ಲಿ ಆ ಮಸುಕಿಗೆ ಕಾರಣವಾದುವು ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಿರಿದಾದ ಅಸಂಖ್ಯ ಗುಳಿಗಳು. ಓಡೆಡ್ ನವೋನ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ಈ ಗುಳಿಗಳು ಮ್ಯಾಂಟಲಿನ ದ್ರವವನ್ನೇ ಸೆರೆಹಿಡಿದಿಟ್ಟಿವೆಯೆಂಬುದು ಸ್ಪಷ್ಟವಾಯಿತು. ತೆಳುವಾಗಿ ಕೊಯ್ದ ಹರಳಿನ ಮೂಲಕ ಅವಕೆಂಪು ಕಿರಣವನ್ನು ಹಾಯಿಸಿದರೆ ನೀರೂ ಕಾರ್ಬೋನೇಟೂ ತಮ್ಮ ತಮ್ಮ ಗುರುತನ್ನು ತೋರುತ್ತವೆ; ಲೇಸರಿನಿಂದ ಒಂದು ಬಿಂದುವನ್ನು ಆವಿಮಾಡಿ ಪರೀಕ್ಷಿಸಿದರೆ ಪೊಟ್ಯಾಸಿಯಂ, ಕ್ಲೋರಿನ್ ಮುಂತಾದುವುಗಳ ಲೆಕ್ಕ ದೊರೆಯುತ್ತದೆ. ಆಳದಲ್ಲಿ ಏಕರಸವಾಗಿದ್ದ ಆ ದ್ರವವು ಮೇಲೆ ಬಂದು ತಣಿಯುವಾಗ ಅಭ್ರಕ, ಕಾರ್ಬೋನೇಟುಗಳ ಕಿರುಹರಳುಗಳಾಗಿಯೂ ಉಳಿದ ನೀರಾಗಿಯೂ ಬೇರ್ಪಟ್ಟಿರುತ್ತದೆ. ವಜ್ರದ ಗೋಡೆ ಜಗ್ಗದಿರುವುದರಿಂದ ಗುಳಿಯೊಳಗೆ ವಾಯುಮಂಡಲದ 15,000 ಮಡಿಯಷ್ಟು ಒತ್ತಡ ಇಂದಿಗೂ ಉಳಿದಿರುವುದು ಅಳತೆಗೆ ಸಿಕ್ಕಿದೆ.

ಈ ದ್ರವಗಳಲ್ಲಿ ಕೆಲವು ಬರಿಯ ಉಪ್ಪಿನ ಸಾರ, ಕೆಲವು ಕಾರ್ಬೋನೇಟ್ ತುಂಬಿದುವು, ಮತ್ತೆ ಕೆಲವು ಸಿಲಿಕಾ ತುಂಬಿದುವು. ಇವುಗಳಲ್ಲಿ ಕರಗಿದ ಇಂಗಾಲವು ಆಮ್ಲಜನಕದೊಡನೆಯೋ ಜಲಜನಕದೊಡನೆಯೋ ಕೂಡಿಕೊಂಡು ಸಂಚರಿಸುತ್ತಿದ್ದು, ಬೇರೆ ಗುಣದ ಶಿಲೆಯು ಎದುರಾಗಿ ಆ ಸಂಗವು ಮುರಿದಾಗ ಒಂಟಿಯಾಗಿ ಹರಳುಗಟ್ಟುತ್ತದೆ. ರಾಯಚೂರು ಜಿಲ್ಲೆಯವರಿಗೆ ಇದು ತೀರ ಅಪರಿಚಿತವಾದ ವ್ಯಾಪಾರವಲ್ಲ: ಹಟ್ಟಿಯಲ್ಲಿಯೂ ದೇವದುರ್ಗ ತಾಲ್ಲೂಕಿನ ಊಟಿಯಲ್ಲಿಯೂ ಚಿನ್ನವನ್ನು ತಂದು ಶಿಲೆಯ ಬಿರುಕುಗಳಲ್ಲಿ ಇಳಿಸಿಹೋದುದು ಭೂಗರ್ಭದ ಬಿಸಿದ್ರವವೇ. ಚಿನ್ನದ ಕೆಲಸ ಕೆಲವೇ ಕಿಲೋಮೀಟರುಗಳ ಆಳದಲ್ಲಿ ನಡೆಯಿತು. ವಜ್ರದ್ದು ಅದಕ್ಕಿಂತ ಹತ್ತಾರು ಮಡಿ ಕೆಳಗೆ.

ಅಷ್ಟು ಕೆಳಗೆ ಉಪ್ಪುನೀರು ಎಲ್ಲಿಂದ ಬಂತು? ಕೆನಡಾದ ಎಕಾಟಿ ಗಣಿಯ ವಜ್ರಗಳನ್ನು ಪರೀಕ್ಷಿಸಿದ ಯಾಕೊವ್ ವೈಸ್ ಮತ್ತು ಸಂಗಡಿಗರು, ಭೂಖಂಡದ ಅಡಿಗೆ ಜಾರಿಹೋದ ಸಾಗರತಳದ ಶಿಲೆಯು ತನ್ನೊಡನೆ ಸಮುದ್ರದ ಲವಣಾಂಶವನ್ನು ಒಯ್ದು ಅಲ್ಲಿ ಬಿಟ್ಟುಕೊಟ್ಟಿತೆಂದು 2015ರಲ್ಲಿ ತೋರಿಸಿದರು. ಸ್ಟ್ರಾನ್ಷಿಯಂ, ಯೂರೋಪಿಯಂ ಧಾತುಗಳ ಪ್ರಮಾಣ ಅದಕ್ಕೆ ಸಾಕ್ಷಿಯಾಯಿತು.

ಕೃಷ್ಣೆಯ ಕೆಳದಂಡೆಯ ಕೊಲ್ಲೂರು ಗಣಿಯ ಕೀರ್ತಿಗೆ ಕಾರಣವಾದ ಮಹಾರತ್ನಗಳ ಕಥೆ ಇನ್ನೂ ಆಳವಾದುದು. ಕೊಹಿನೂರಿನಂತೆ ಸಾರಜನಕದ ಸೋಂಕಿಲ್ಲದ ದೊಡ್ಡ ವಜ್ರಗಳಲ್ಲಿ ಅನೇಕವು ಕರಗಿದ ಕಬ್ಬಿಣ-ನಿಕ್ಕಲಿನ ದ್ರವದಿಂದ ಹರಳುಗಟ್ಟಿದುವೆಂದೂ, ಆ ಲೋಹಬಿಂದುಗಳ ಸುತ್ತ ಮೀಥೇನ್ ಮತ್ತು ಜಲಜನಕದ ತೆಳುಪೊರೆ ಉಳಿದಿದೆಯೆಂದೂ ಎವನ್ ಸ್ಮಿತ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದರು. ಅವುಗಳ ಜನ್ಮಸ್ಥಾನ 360 ಕಿಲೋಮೀಟರಿಗಿಂತ ಕೆಳಗೆ. ಹೋಪ್ ವಜ್ರದಂಥ ನೀಲಿಯ ಹರಳುಗಳು ಕೆಳಮ್ಯಾಂಟಲಿನಷ್ಟು ಆಳದಲ್ಲಿಯೂ ಹುಟ್ಟುತ್ತವೆಂದು ಅದೇ ತಂಡ 2018ರಲ್ಲಿ ಹೇಳಿತು.

ದೋಆಬಿನ ದಕ್ಷಿಣಕ್ಕೆ ಅನಂತಪುರ ಜಿಲ್ಲೆಯ ವಜ್ರಕರೂರು, ಉತ್ತರಕ್ಕೆ ನಾರಾಯಣಪೇಟೆ, ನಡುವೆ ರಾಯಚೂರಿನ ಹೆಸರನ್ನೇ ಹೊತ್ತ ಕಿಂಬರ್ಲೈಟ್ ಕ್ಷೇತ್ರ. ಇವು ಹೆಚ್ಚುಕಡಮೆ ಒಂದೇ ಕಾಲದಲ್ಲಿ ಮೇಲೆದ್ದುವಾದರೂ ವಜ್ರಕರೂರಿನ ಕೊಳವೆಯಾಕಾರದ ಕಿಂಬರ್ಲೈಟುಗಳಲ್ಲಿ ವಜ್ರವುಂಟು, ನಾರಾಯಣಪೇಟೆಯವುಗಳಲ್ಲಿ ಬಹುಮಟ್ಟಿಗೆ ಇಲ್ಲ. ಕಿಂಬರ್ಲೈಟ್ ಕಂಡಲ್ಲೆಲ್ಲ ವಜ್ರ ಸಿಕ್ಕುವುದಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಡ; ಕೆಳಗಿನ ಬೇರಿನ ದಪ್ಪವೂ ಅದನ್ನು ತೋಯಿಸಿದ ದ್ರವವೂ ಅನುಕೂಲವಾಗಿರಬೇಕು. ಆದುದರಿಂದ ನಮ್ಮ ಕಾಲೇಜುಗಳಲ್ಲಿ ಭೂವಿಜ್ಞಾನವನ್ನು ಕಲಿಸುವವರು ತಮ್ಮ ಕಾಲಡಿಯ ಈ ಮೂರು ಕ್ಷೇತ್ರಗಳನ್ನು ವಿದ್ಯಾರ್ಥಿಗಳಿಗೆ ತೋರಿಸಲಿ. ಪೇಟೆಯಲ್ಲಿ ಬೆಲೆ ಬಾರದ ಮಸುಕು ಹರಳೊಂದು ಯಾರ ಕೈಗಾದರೂ ಸಿಕ್ಕಿದರೆ, ಅದನ್ನು ಎಸೆಯದೆ ಬಲ್ಲವರ ಕೈಗೆ ಒಪ್ಪಿಸಲಿ.